ಮೂಗಿನ ಮಾಸ್ಕಿಗೆ ನೂರಕ್ಕೆ ಎಷ್ಟು?

ಒಂದು ನಿಮಿಷದ ಮೌನಾಚರಣೆ ಎಷ್ಟು ಹೊತ್ತು ನಡೆಯಬೇಕು?

ನಗಬೇಡಿ. ಅಂಕೋಲೆಯಲ್ಲಿ ನಮ್ಮ ನಿವೃತ್ತ ಶಿಕ್ಷಕರ ಶನಿವಾರದ ಬೈಠಕ್ಕಿನಲ್ಲಿ ಮೌನದ ಹೊತ್ತು ನೋಡುವ ಕೆಲಸ ಹನ್ನೊಂದು ವರ್ಷಗಳಿಂದ ನನ್ನದು. (ನಮ್ಮ ವಯಸ್ಸಿನವರ ಸಂಘದಲ್ಲಿ ಈ ಕೆಲಸಕ್ಕೆ ರಜೆ ಕಡಿಮೆ.) ಬೇರೆಯವರಿಗೆ ಕೊಟ್ಟರೆ ಇಪ್ಪತ್ತೈದು ಸೆಕೆಂಡಿಗೆ ಕೆಮ್ಮಿ ಕುಳಿತುಬಿಡುತ್ತಾರೆ. ನನ್ನದು ಅರವತ್ತು ಅಂದರೆ ಅರವತ್ತು. ಮನಸ್ಸಿನಲ್ಲಿ ಎಣಿಸಿ, ‘ಓಂ ಶಾಂತಿ’ ಎನ್ನುತ್ತೇನೆ. ಆಮೇಲೆ ಎಲ್ಲರೂ ಕುಳಿತುಕೊಳ್ಳಬಹುದು.

ಎರಡು ತಿಂಗಳ ಹಿಂದೆ ನಮ್ಮ ಹಿರಿಯ ಡ್ರಾಯಿಂಗ್ ಮಾಸ್ತರೊಬ್ಬರು ತೀರಿಕೊಂಡರು. ಎದ್ದು ನಿಂತೆವು. ಮುಂದಿನ ಕುರ್ಚಿಯ ಬೆನ್ನು ಹಿಡಿದು ಕಣ್ಣು ಮುಚ್ಚಿದೆ. ಇಪ್ಪತ್ತೆರಡರ ತನಕ ಎಣಿಸಿದ್ದು ನೆನಪಿದೆ.

ಮುಂದಿನದು ಪಕ್ಕದಲ್ಲಿ ನಿಂತಿದ್ದ ಬೀರಣ್ಣ ಮಾಸ್ತರು ಹೇಳಿದ್ದು. ಅರ್ಧ ನಿಮಿಷದ ಹೊತ್ತಿಗೆ ಸಭೆಯಲ್ಲಿ ದೋಣಿಯ ಎಂಜಿನ್ ಶುರುವಾದಂತೆ ಸದ್ದು ಕೇಳಿತಂತೆ. ಮೊದಲು ಫ್ಯಾನ್ ಇರಬೇಕೆಂದುಕೊಂಡರು. ಆಮೇಲೆ ನಾನೆಂದು ತಿಳಿಯಿತು. ಆದರೂ ಒಬ್ಬರೂ ಕುಳಿತುಕೊಳ್ಳಲಿಲ್ಲ. ‘ಓಂ ಶಾಂತಿ’ ಆಗಿಲ್ಲವಲ್ಲ! ನಾಲ್ಕೂವರೆ ನಿಮಿಷ ಮೂವತ್ತು ಜನ ನಿವೃತ್ತರು ಮಂಡಿನೋವು ನುಂಗಿಕೊಂಡು ನಿಂತೇ ಇದ್ದರು.

ಹೋಗುವಾಗ ಮೃತರ ತಮ್ಮ ನನ್ನ ಎರಡೂ ಕೈ ಹಿಡಿದುಕೊಂಡರು. “ನಮ್ಮ ಅಣ್ಣಂಗೆ ಇಷ್ಟು ಹೊತ್ತು ಯಾರೂ ನಿಂತಿರ್ಲಿಲ್ರಾ ಮಾಸ್ತರ್ರೇ” ಎಂದರು. ಕಣ್ಣಲ್ಲಿ ನೀರಿತ್ತು.

ಮನೆಗೆ ನಾನು ಬರುವ ಮೊದಲೇ ಸುದ್ದಿ ಬಂದಿತ್ತು. ನಮ್ಮ ಮನೆ ಕಾರವಾರದ ಶಿರವಾಡದಲ್ಲಿ. ಅಂಕೋಲೆಯಿಂದ ನಾನು ಸ್ಕೂಟರಿನಲ್ಲಿ ಬರುವಷ್ಟರಲ್ಲಿ ಫೋನು ಎರಡು ಸಲ ಹೋಗಿ ಬಂದಿರುತ್ತದೆ. ನನ್ನ ಹೆಂಡತಿ ಸುಮತಿ ಬಾಗಿಲಲ್ಲೇ ಕೈ ಚಾಚಿ ನಿಂತಿದ್ದಳು.

“ಚಾವಿ ಕೊಡಿ.”

“ಯಾವ ಚಾವಿ?”

“ಸ್ಕೂಟರಿಂದು. ನಿಂತು ನಿದ್ದೆ ಮಾಡುವವ್ರು ಕೂತು ಮಾಡೂದಿಲ್ವಾ? ಬಿಣಗಾ ಘಟ್ಟದಲ್ಲಿ ಲಾರಿ ಎದ್ರು ಬಂದಾಗ ನೀವು ಇಪ್ಪತ್ತೆರಡು ಅಂತ ಎಣಿಸ್ತಾ ಇದ್ರೆ?”

ಚಾವಿ ಅವಳ ಪರ್ಸಿಗೆ ಹೋಯಿತು. ಝಿಪ್ ಎಳೆದ ಸದ್ದು ಈಗಲೂ ಕಿವಿಯಲ್ಲಿದೆ.

ನಿಮಗೆ ಇದು ಸಣ್ಣ ವಿಷಯ ಅನಿಸಬಹುದು. ಬಸ್ಸಿಲ್ಲವೇ ಎಂದು ಕೇಳಬಹುದು. ಬಸ್ಸಿದೆ. ಅದು ಬಂದಾಗ ಬರುತ್ತದೆ. ನಾನು ಎಂಟು ಹತ್ತಕ್ಕೆ ಹೊರಡುವವನು. ಎಂಟು ಹತ್ತಕ್ಕೆ ಹೊರಡುವವನಿಗೂ ಬಂದಾಗ ಬರುವ ಬಸ್ಸಿಗೂ ಸಂಬಂಧ ಕೂಡುವುದಿಲ್ಲ. ಸ್ಕೂಟರ್ ಹೋದರೆ ನನ್ನ ಶನಿವಾರ ಹೋಯಿತು. ಶನಿವಾರ ಹೋದರೆ ಉಳಿದ ಆರು ದಿನ ಯಾಕೆ ಬೇಕು?

ಕಾರವಾರದ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಚುರುಕಾದವರು. ಮೈಗೆ ವೈರು, ಬೆರಳಿಗೆ ಕ್ಲಿಪ್ಪು ಹಾಕಿ ನನ್ನ ಒಂದು ರಾತ್ರಿಯ ನಿದ್ದೆಯನ್ನು ಪರೀಕ್ಷೆ ಮಾಡಿಸಿದರು. ರಿಸಲ್ಟ್ ಬಂತು: ಸ್ಲೀಪ್ ಆ್ಯಪ್ನಿಯಾ. ಮಲಗಿದಾಗ ಗಂಟಲಿನ ದಾರಿ ಮುಚ್ಚಿಕೊಂಡು ಉಸಿರು ಆಗಾಗ ನಿಲ್ಲುತ್ತದೆ, ಮಿದುಳು ಗಾಬರಿಯಿಂದ ಎಬ್ಬಿಸುತ್ತದೆ, ಮತ್ತೆ ನಿಲ್ಲುತ್ತದೆ. ಗಂಟೆಗೆ ಎಷ್ಟು ಸಲ? ಸಂಖ್ಯೆ ಬರೆಯಲಾರೆ. ನನ್ನ ಹಳೆಯ ವಿದ್ಯಾರ್ಥಿಗಳು ಈ ಅಂಕಣ ಓದುತ್ತಾರೆ. ಲೆಕ್ಕದಲ್ಲಿ ಪಾಸಾಗಲು ಅದಕ್ಕಿಂತ ಕಡಿಮೆ ಸಾಕಿತ್ತು ಎಂದಷ್ಟೇ ಹೇಳುತ್ತೇನೆ.

ಐದಕ್ಕೆ ಏಳುವುದು, ಹತ್ತಕ್ಕೆ ಮಲಗುವುದು, ಎಲ್ಲವೂ ಹೊತ್ತಿಗೆ ಸರಿಯಾಗಿ. ಅಂಥವನ ಉಸಿರು ನನ್ನನ್ನು ಕೇಳದೆ ರಾತ್ರಿಯಿಡೀ ರಜೆ ಹಾಕುತ್ತಿತ್ತಂತೆ!

“ಮಶೀನ್ ಇಟ್ಕೊಂಡು ಮಲಗಬೇಕು ಸರ್” ಎಂದರು ಡಾಕ್ಟರಮ್ಮ. “ಅದು ಮಾಸ್ಕಿನ ಮೂಲಕ ಗಾಳಿ ಕೊಟ್ಟು ಗಂಟಲು ಮುಚ್ಚದ ಹಾಗೆ ನೋಡಿಕೊಳ್ಳುತ್ತೆ. ಮಾಸ್ಕ್ ಒಗ್ಗಿದರೆ ಅರ್ಧ ಕೆಲಸ ಮುಗೀತು. ಮೂರು ತರದ್ದು ಟ್ರಯಲ್ ಕೊಡಿಸ್ತೀನಿ. ಒಂದೊಂದು ವಾರ ಹಾಕಿ ನೋಡಿ. ರಾತ್ರಿ ಕನಿಷ್ಠ ನಾಲ್ಕು ಗಂಟೆ ಹಾಕಲೇಬೇಕು. ಮಶೀನಲ್ಲಿ ಕಾರ್ಡ್ ಇದೆ. ಎಷ್ಟು ಗಂಟೆ ಹಾಕಿದಿರಿ, ಎಷ್ಟು ಸೋರಿತು, ಎಲ್ಲ ಬರೆದುಕೊಳ್ಳುತ್ತೆ.”

“ಸ್ಕೂಟರ್?” ಎಂದೆ.

“ಮೂರು ವಾರ ಆಗಲಿ. ಕಾರ್ಡ್ ನೋಡಿ ಹೇಳ್ತೀನಿ.”

ಪಕ್ಕದಲ್ಲಿ ಕುಳಿತಿದ್ದ ಸುಮತಿ ಪರ್ಸನ್ನು ಇನ್ನೂ ಸ್ವಲ್ಪ ಎದೆಗೆ ಒತ್ತಿಕೊಂಡಳು.

ಮಶೀನು, ಮಾಸ್ಕು ತಂದುಕೊಟ್ಟವನು ಗಜಾನನ. ಗಾಲಿ ಕುರ್ಚಿ, ಆಕ್ಸಿಜನ್ ಸಿಲಿಂಡರ್ ಇತ್ಯಾದಿ ಮಾರುವ ಅಂಗಡಿಯವನು. ಅವನು ಹೋದ ಮೇಲೆ ನಾನು ಸ್ಕೇಲು ತೆಗೆದುಕೊಂಡು ಕೂತೆ. ಪರೀಕ್ಷೆ ಅಂದ ಮೇಲೆ ಅಂಕಪಟ್ಟಿ ಬೇಡವೇ? ಸೋರಿಕೆಗೆ ಇಪ್ಪತ್ತು. ಸದ್ದಿಗೆ ಹತ್ತು. ಮಗ್ಗುಲು ಬದಲಿಸುವ ಅನುಕೂಲಕ್ಕೆ ಹದಿನೈದು. ಬೆಳಿಗ್ಗೆ ಮೂಗಿನ ಮೇಲೆ ಉಳಿಯುವ ಗುರುತಿಗೆ ಹತ್ತು. ಹೀಗೆ ನೂರು. ಕೊನೆಯಲ್ಲಿ ಷರಾ ಬರೆಯಲು ಒಂದು ಕಾಲಂ.

ಮೊದಲ ಮಾಸ್ಕು ಮೂಗು, ಬಾಯಿ ಎರಡನ್ನೂ ಮುಚ್ಚುವಂಥದ್ದು. ಮುಂದೆ ಉದ್ದನೆಯ ಕೊಳವೆ. ಹಾಕಿಕೊಂಡು ಕನ್ನಡಿ ನೋಡುತ್ತಿದ್ದೆ. ಸುಮತಿ ಬಾಗಿಲಲ್ಲಿ ನಿಂತು ಕೈ ಮುಗಿದಳು.

“ಚವತಿಗೆ ಇನ್ನೂ ಟೈಮ್ ಇತ್ತಲ್ರಾ. ಇಷ್ಟು ಬೇಗ ಬಂದ್ರಾ ದೇವ್ರು?”

ಉತ್ತರ ಕೊಟ್ಟೆ. ಮಾಸ್ಕಿನೊಳಗಿಂದ ಅದು ಬರೀ ಗಾಳಿಯಾಗಿ ಹೊರಬಿತ್ತು. ದಾಂಪತ್ಯದಲ್ಲಿ ಈ ಉಪಕರಣದ ಉಪಯೋಗ ವೈದ್ಯರು ಹೇಳಿದ್ದಕ್ಕಿಂತ ಹೆಚ್ಚಿದೆ.

ಮಾಸ್ಕಿಗೆ ನಾಲ್ಕು ಪಟ್ಟಿ. ಬೆಳಗಿನ ಪ್ರಾರ್ಥನೆಯಲ್ಲಿ ಮಕ್ಕಳ ಬೆಲ್ಟು ನೋಡುತ್ತಿದ್ದವನು ನಾನು. ಸಡಿಲ ಎಂಬುದು ನನ್ನಿಂದ ಆಗದು. ಎಳೆದು ಬಿಗಿದೆ. ಗಾಳಿ ಸೋರಿ ನೇರ ಕಣ್ಣಿಗೆ ಬಡಿಯಿತು. ಇನ್ನೂ ಬಿಗಿದೆ. ಇನ್ನೂ ಸೋರಿತು. ಎರಡು ದಿನದಲ್ಲಿ ಮೂಗಿನ ಮೇಲೆ ಕೆಂಪು ಗೆರೆ, ಕಣ್ಣಲ್ಲಿ ಉರಿ. ಮೀನು ಪೇಟೆಯಲ್ಲಿ ಮೂರು ಜನ ಯಾರು ಹೊಡೆದರು ಎಂದು ಕೇಳಿದರು.

ಗಜಾನನನಿಗೆ ಫೋನು ಮಾಡಿದೆ. ಬಂದು ನೋಡಿದವನೇ ನಕ್ಕ.

“ಮಾಸ್ತರ್ರೇ, ಇದು ಅಕ್ಕಿ ಚೀಲ ಅಲ್ಲ, ಬಾಯಿ ಕಟ್ಟೂಕೆ. ಈ ಮೆತ್ತೆ ಗಾಳಿ ತುಂಬಿ ತಾನೇ ಉಬ್ಬಿ ಮುಖಕ್ಕೆ ಕೂರ್ಬೇಕು. ನೀವು ಉಬ್ಬೂಕೇ ಬಿಟ್ಟಿಲ್ಲ. ಪಟ್ಟಿ ಒಳ್ಗೆ ಒಂದು ಬೆರಳು ಹೋಗ್ವಷ್ಟು ಸಡಿಲ ಬಿಡಿ.”

ಸಡಿಲ ಬಿಟ್ಟೆ. ಸೋರುವುದು ನಿಂತಿತು.

ಮೂವತ್ತೆಂಟು ವರ್ಷ ನಾನು ಎಳೆದು ಬಿಗಿದ ಎಷ್ಟೋ ಬೆಲ್ಟುಗಳು ನೆನಪಾದವು. (ಆದರೂ ಈ ಮಾಸ್ಕಿಗೆ ಅಂಕ ಹೆಚ್ಚಿಸಲಿಲ್ಲ. ಸೂಚನೆ ಕೊಟ್ಟ ಮೇಲೆ ಸರಿಯಾದ ಉತ್ತರಕ್ಕೆ ಪೂರ್ತಿ ಅಂಕ ಕೊಡುವ ಪದ್ಧತಿ ನನ್ನಲ್ಲಿಲ್ಲ.)

ಗುರುವಾರ ಇನ್ನೊಂದು ಆಯಿತು. ಮಾಸ್ಕನ್ನು ಸಾಬೂನು ನೀರಲ್ಲಿ ತೊಳೆದು ತಾರಸಿಯಲ್ಲಿ ಒಣಗಿಸಬೇಕು. ಪಕ್ಕದ ಮನೆಯವರು ಅಲ್ಲೇ ಗೋಡೆಯಾಚೆ ಶೆಟ್ಲಿ, ಅಂದರೆ ಸೀಗಡಿ, ಒಣಗಿಸಿದ್ದರು. ಒಣ ಶೆಟ್ಲಿಯ ಚಟ್ನಿ ನನಗೆ ಪ್ರಾಣ. ಆದರೆ ಏಳು ತಾಸು, ಒತ್ತಡದ ಗಾಳಿಯ ಜೊತೆ, ನೇರ ಮೂಗಿಗೆ? ಬೆಳಿಗ್ಗೆ ಎದ್ದಾಗ ನಾನೇ ಅರ್ಧ ಒಣಗಿದ್ದೆ. ‘ವಾಸನೆ’ ಎಂದು ಹೊಸ ಕಾಲಂ ಎಳೆದು ಹತ್ತು ಅಂಕ ಕಳೆದೆ. ಒಟ್ಟು ಮೂವತ್ತೊಂದು. ಫೇಲ್.

ಚಹಾ ತಂದ ಸುಮತಿ ಪಟ್ಟಿ ಓದಿದಳು. ಅವಳೂ ಮಾಜಾಳಿಯ ಕಡೆ ಮೂವತ್ತು ವರ್ಷ ಶಾಲೆ ನಡೆಸಿದವಳು. ಊರವರಿಗೆ ಈಗಲೂ ಅಕ್ಕೋರು.

“ಶೆಟ್ಲಿ ವಾಸ್ನೆಗೆ ಮಾಸ್ಕ್ ಎಂತ ಮಾಡ್ತದೆ? ಪರೀಕ್ಷಾ ಸೆಂಟರಿನ ತಪ್ಪಿಗೆ ಹುಡುಗ್ರ ಅಂಕ ಕಡೀತ್ರಾ?”

“ಅಂಕ ಹಾಕುವವನು ನಾನು.”

“ಗೊತ್ತುಂಟು. ನಿಮ್ಮ ಕೈಯಲ್ಲಿ ಪಾಸಾದವ್ರೇ ಕಮ್ಮಿ. ನಾ ರೀವ್ಯಾಲ್ಯುಯೇಶನ್ ಹಾಕ್ತೆ.”

ತಮಾಷೆ ಎಂದುಕೊಂಡೆ.

ಎರಡನೇ ವಾರದ ಮಾಸ್ಕು ಮೂಗಿಗೆ ಮಾತ್ರ. ಹಗುರ, ಚೆಂದ. ಆದರೆ ನಿದ್ದೆಯಲ್ಲಿ ನನ್ನ ಬಾಯಿ ತೆರೆಯುತ್ತದೆ. ಮೂಗಿನಿಂದ ಹೋದ ಗಾಳಿ ಬಾಯಿಯಿಂದ ಹೊರಗೆ. ಅದಕ್ಕೆ ಗದ್ದದ ಕೆಳಗೊಂದು ಪಟ್ಟಿ ಬೇರೆ. ಹಲ್ಲುನೋವಿನವನ ವೇಷ. ಐವತ್ತೆರಡು ಕೊಟ್ಟೆ. ಮೂರನೆಯದು ಮೂಗಿನ ಹೊಳ್ಳೆಗಳ ಕೆಳಗೆ ಸುಮ್ಮನೆ ಕೂರುವ ಎರಡು ಮೆತ್ತನೆಯ ಗೂಟಗಳಂಥದ್ದು. ಅಷ್ಟರಲ್ಲಿ ಬಾಯಿ ಮುಚ್ಚಿ ಮಲಗುವ ಅಭ್ಯಾಸವಾಗಿತ್ತು. ಅರವತ್ನಾಲ್ಕು. ಬಹಳ ವರ್ಷಗಳ ನಂತರ ನಾನು ಯಾರಿಗಾದರೂ ಫಸ್ಟ್ ಕ್ಲಾಸ್ ಕೊಟ್ಟದ್ದು.

ಈ ಮೂರೂ ಶನಿವಾರ ಅಂಕೋಲೆಗೆ ಹೋದದ್ದು ಹೇಗೆ? ಸುಮತಿಯ ಹಿಂದೆ ಕುಳಿತು. ಅವಳು ಸ್ಕೂಟರ್ ಚೆನ್ನಾಗಿಯೇ ಓಡಿಸುತ್ತಾಳೆ. ಆದರೆ ಎರಡೆರಡು ಕಡೆ ನಿಲ್ಲಿಸುತ್ತಿದ್ದಳು. ಅರಗಾ ದಾಟಿ ಒಂದು ಸಲ, ಅವರ್ಸಾ ಹತ್ತಿರ ಇನ್ನೊಂದು ಸಲ. ಬಾಟಲಿ ತೆಗೆದು ಮುಖಕ್ಕೆ ನೀರು ಹಾಕಿಕೊಳ್ಳುವುದು, ಎರಡು ನಿಮಿಷ ಸಮುದ್ರದ ಕಡೆ ನೋಡುತ್ತ ನಿಲ್ಲುವುದು.

“ಎಂಟು ನಿಮಿಷ ಲೇಟು” ಎನ್ನುತ್ತಿದ್ದೆ ನಾನು, ಹಿಂದಿನಿಂದ.

“ಸಮುದ್ರ ಓಡಿ ಹೋಗ್ತದಾ? ಕೂತ್ಕೊಳ್ಳಿ ಸುಮ್ನೆ.”

ಬೈಠಕ್ಕಿನ ಬಾಗಿಲಲ್ಲಿ ಬೀರಣ್ಣ ಮಾಸ್ತರು ಕಾಯುತ್ತಿದ್ದರು. “ಬಂದ್ರು ನೋಡ್ರಾ, ಪಾರ್ಸಲ್ ಬಂತು. ಅಕ್ಕೋರೇ, ಸಹಿ ಮಾಡಿ ತಗೊಳ್ಬೇಕಾ, ಹಂಗೇ ಇಳಿಸ್ಕೊಳ್ಳೂದಾ?”

ಮೂರು ವಾರ ಇದನ್ನು ಸಹಿಸಿದೆ. ಕಾರ್ಡ್ ಇದೆಯಲ್ಲ! ಒಂದೇ ಒಂದು ರಾತ್ರಿಯೂ ತಪ್ಪಿಸಿರಲಿಲ್ಲ.

ನಾಲ್ಕನೇ ಸೋಮವಾರ ಡಾಕ್ಟರಮ್ಮನ ಎದುರು ಕುಳಿತೆವು. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದೆ. ಅವರು ಕಾರ್ಡನ್ನು ಕಂಪ್ಯೂಟರಿಗೆ ಹಾಕಿದರು.

“ಎಕ್ಸಲೆಂಟ್ ಸರ್! ದಿನಾ ಏಳು ಗಂಟೆ. ಮೂರನೇ ಮಾಸ್ಕಲ್ಲಿ ಸೋರಿಕೆ ಇಲ್ಲವೇ ಇಲ್ಲ. ಮಧ್ಯಾಹ್ನ ಮಲಗುವಾಗಲೂ ಬಿಡದೆ ಹಾಕಿದ್ದೀರಿ. ಇಷ್ಟು ಸಿನ್ಸಿಯರ್ ಪೇಶೆಂಟು ನಾನು ನೋಡಿಲ್ಲ.”

“ಮಧ್ಯಾಹ್ನ?” ಎಂದೆ. “ಮಧ್ಯಾಹ್ನ ನಾನು ಮಲಗುವುದಿಲ್ಲ. ಐವತ್ತು ವರ್ಷದಿಂದ ಮಲಗಿಲ್ಲ. ಎರಡರಿಂದ ನಾಲ್ಕೂಕಾಲು ನಾನು ವಾಚನಾಲಯದಲ್ಲಿರುತ್ತೇನೆ. ಬೇಕಾದರೆ ರಿಜಿಸ್ಟರ್ ನೋಡಿ.”

ಡಾಕ್ಟರಮ್ಮ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಎರಡು ಇಪ್ಪತ್ತರಿಂದ ಮೂರು ಐವತ್ತರ ತನಕ ನೀಲಿ ಗೆರೆ. ಮೊದಲ ಶುಕ್ರವಾರದಿಂದ ನಿನ್ನೆಯ ತನಕ, ದಿನವೂ. ಶನಿವಾರ ಮಾತ್ರ ಖಾಲಿ.

“ಇನ್ನೊಂದು ವಿಚಿತ್ರ” ಎಂದರು ಅವರು. “ಗಂಟಲು ಮುಚ್ಚಿದಷ್ಟೂ ಈ ಮಶೀನು ಒತ್ತಡ ಹೆಚ್ಚಿಸ್ತಾ ಹೋಗುತ್ತೆ. ರಾತ್ರಿಗಿಂತ ಮಧ್ಯಾಹ್ನ ಬಹಳ ಹೆಚ್ಚಿಸಿದೆ. ಮಧ್ಯಾಹ್ನದ ನೀವು ರಾತ್ರಿಯ ನಿಮಗಿಂತ ಜಾಸ್ತಿ ಸಿಕ್.”

ನಾನು ಸುಮತಿಯನ್ನು ನೋಡಿದೆ. ಅವಳು ಗೋಡೆಯ ಮೇಲಿನ ಶ್ವಾಸಕೋಶದ ಚಿತ್ರವನ್ನು, ಬಹಳ ಆಸಕ್ತಿಯಿಂದ, ನೋಡುತ್ತಿದ್ದಳು.

“ಸುಮತಿ?”

“ಹೇಳಿದ್ನಲ್ಲ, ರೀವ್ಯಾಲ್ಯುಯೇಶನ್ ಹಾಕ್ತೆ ಅಂತ” ಎಂದಳು. ಪರ್ಸಿನ ಝಿಪ್ ಎಳೆದಳು. ಚಾವಿಯ ಪಕ್ಕದಿಂದ ನಾಲ್ಕು ಮಡಿಕೆಯ ಕಾಗದ ಹೊರಬಂತು. ಸ್ಕೇಲಿನಲ್ಲೇ ಗೆರೆ ಎಳೆದ ಅಂಕಪಟ್ಟಿ. ನನ್ನವೇ ಕಾಲಂಗಳು. ಮೊದಲ ಮಾಸ್ಕಿಗೆ ಎಂಬತ್ತೆರಡು. ಎರಡನೆಯದಕ್ಕೆ ಎಪ್ಪತ್ತೈದು. ಮೂರನೆಯದಕ್ಕೆ ತೊಂಬತ್ತು.

“ಮೂವತ್ತೊಂದಕ್ಕೂ ಎಂಬತ್ತೆರಡಕ್ಕೂ ಇಷ್ಟು ಅಂತರ ಬಂದರೆ ಮೂರನೇ ಮೌಲ್ಯಮಾಪಕರಿಗೆ ಹೋಗಬೇಕು” ಎಂದೆ.

ಮೂರನೇ ಮೌಲ್ಯಮಾಪಕರು ಕಾಗದ ಕಸಿದುಕೊಂಡರು. “ಒಬ್ಬರ ಮಾಸ್ಕ್ ಇನ್ನೊಬ್ಬರು ಹಾಕಬಾರದು ಮೇಡಂ! ಒಬ್ಬರಿಗೆ ಸೆಟ್ ಮಾಡಿದ ಮಶೀನಲ್ಲಿ ಇನ್ನೊಬ್ಬರು ಮಲಗೋದಾ?”

“ತೊಳ್ದೇ ಹಾಕ್ತಿದ್ದೆ. ತೊಳ್ದೇ ಇಡ್ತಿದ್ದೆ. ಇವ್ರಿಗೆ ಗೊತ್ತೂ ಆಗ್ಲಿಲ್ಲ.”

ಡಾಕ್ಟರಮ್ಮ ನಗಲಿಲ್ಲ. ಅವರ ಬೆರಳು ಷರಾದ ಕಾಲಂ ಮೇಲೆ ನಿಂತಿತ್ತು. ಸುಮತಿಯ ದುಂಡು ಅಕ್ಷರ: ‘ಗಾಳಿ ತಂಪು. ಒಳ್ಳೆ ನಿದ್ದೆ. ಎದ್ದಾಗ ತಲೆನೋವಿಲ್ಲ.’

“ಬೇರೆ ದಿನ ಎದ್ದಾಗ ತಲೆನೋವು ಇರುತ್ತಾ?”

“ಇಪ್ಪತ್ತು ವರ್ಷದಿಂದ. ದಿನಾ ಬೆಳಿಗ್ಗೆ. ಇವ್ರ ಗೊರ್ಕೆಗೆ ನಂಗೆ ನಿದ್ದೆ ಎಲ್ಲುಂಟು?”

“ಹಗಲು ತೂಕಡಿಕೆ?”

ಸುಮತಿ ಮತ್ತೆ ಶ್ವಾಸಕೋಶದ ಚಿತ್ರದ ಕಡೆ ತಿರುಗಿದಳು. ಅರಗಾದ ಬಾಟಲಿ ನೀರು, ಅವರ್ಸಾದ ಸಮುದ್ರ ದರ್ಶನ, ಎರಡೂ ನನಗೆ ಒಟ್ಟಿಗೆ ಅರ್ಥವಾದವು. ಎಂಟು ನಿಮಿಷ ಲೇಟು ಎಂದು ಗೊಣಗುತ್ತ ನಾನು ಯಾರ ಹಿಂದೆ ಕುಳಿತಿದ್ದೆ!

ಅವಳಿಗೂ ವೈರು, ಕ್ಲಿಪ್ಪು ಎಲ್ಲ ಆಯಿತು. ಅವಳ ಸಂಖ್ಯೆ ನನಗಿಂತ ಹದಿನಾಲ್ಕು ಹೆಚ್ಚು. ಇಷ್ಟು ವರ್ಷ ಇಬ್ಬರೂ ಗೊರಕೆ ಹೊಡೆದಿದ್ದೇವೆ, ಬಯ್ಯಿಸಿಕೊಂಡವನು ನಾನೊಬ್ಬನೇ. ಕಾರಣ ಸರಳ. ಅವಳು ಎಚ್ಚರವಾದಾಗ ನನ್ನದು ಕೇಳುತ್ತಿತ್ತು. ನಾನು ಎಚ್ಚರವೇ ಆಗುತ್ತಿರಲಿಲ್ಲ. ಸಾಕ್ಷಿ ಇಲ್ಲದ ಕೇಸು ನಿಲ್ಲುವುದೆಲ್ಲಿ?

ಡಾಕ್ಟರಮ್ಮ ಆದೇಶ ಹೊರಡಿಸಿದರು. “ಸರ್ ಗಾಡಿ ಓಡಿಸಬಹುದು. ಮೇಡಂ ಓಡಿಸಬಾರದು, ಅವರ ಚಿಕಿತ್ಸೆ ಶುರುವಾಗಿ ಕಾರ್ಡ್ ಚೆನ್ನಾಗಿ ಬರೋ ತನಕ. ಒಂದೇ ಮಾತು ನೆನಪಿಡಿ. ಮಶೀನಿಲ್ಲದೆ ಮಲಗುವವರು ಚಾವಿ ಮುಟ್ಟುವಂತಿಲ್ಲ. ಇಬ್ಬರಿಗೂ ಇದೇ ರೂಲ್.”

ಆಸ್ಪತ್ರೆಯ ಗೇಟಿನಲ್ಲಿ ಸುಮತಿ ಪರ್ಸು ತೆರೆದು ಚಾವಿಯನ್ನು ನನ್ನ ಅಂಗೈ ಮೇಲಿಟ್ಟಳು. “ತಗೊಳ್ಳಿ. ಮೂರು ವಾರದಿಂದ ಇದ್ರ ಜಪ ಮಾಡ್ತಿದ್ರಲ್ಲ.” ಅವಳ ಮುಖ ನೋಡಿದೆ. ಗೆದ್ದವನಂತೆ ನಗಬೇಕೆಂದುಕೊಂಡಿದ್ದೆ. ಆಗಲಿಲ್ಲ.

ನೇರ ಗಜಾನನನ ಅಂಗಡಿಗೆ ಹೋದೆವು. ಇನ್ನೊಂದು ಮಶೀನು ಬೇಕು.

“ಸ್ಟಾಕ್ ಇಲ್ಲ ಮಾಸ್ತರ್ರೇ. ಬರೂಕೆ ಹದಿನೈದು ದಿನ.” ಆಮೇಲೆ ತಲೆ ಕೆರೆದುಕೊಂಡ. “ಇದ್ದದ್ದನ್ನೇ ಪಾಳಿ ಮೇಲೆ ಹಾಕ್ಕೊಂಡ್ರೆ? ಒಂದು ರಾತ್ರಿ ನೀವು, ಒಂದು ರಾತ್ರಿ ಅಕ್ಕೋರು?”

ಪಾಳಿಯಾದರೆ ಇಬ್ಬರೂ ಅರ್ಧಂಬರ್ಧ, ಇಬ್ಬರ ಕಾರ್ಡೂ ಹಾಳು ಎಂದರು ಡಾಕ್ಟರಮ್ಮ ಫೋನಿನಲ್ಲಿ. ಯಾರಾದರೂ ಒಬ್ಬರು. ಸೀಟು ಒಂದೇ, ಅಭ್ಯರ್ಥಿಗಳಿಬ್ಬರು. ಇಂಥಲ್ಲಿ ಮಾಸ್ತರಾದವನು ಏನು ಮಾಡಬೇಕು? ಮೆರಿಟ್ ನೋಡಬೇಕು. ಹದಿನಾಲ್ಕು ಅಂಕ ಹೆಚ್ಚು ಬಂದವರಿಗೆ ಸೀಟು.

ಸುಮತಿ ಒಪ್ಪಲಿಲ್ಲ. “ನಾಕಾ, ನಾಕಾ, ನಂಗೆ ಬೇಡ! ನಿಮ್ಮ ಶನಿವಾರ?”

“ಬಸ್ಸಿದೆ” ಎಂದೆ. ಆ ಮಾತು ನನ್ನ ಬಾಯಿಂದಲೇ ಬಂದದ್ದು.

ಡಾಕ್ಟರಮ್ಮ ಮಶೀನನ್ನು ಅವಳಿಗೆ ತಕ್ಕಂತೆ ಸೆಟ್ ಮಾಡಿಸಿ, ಅವಳದೇ ಹೊಸ ಮಾಸ್ಕು ಕೊಡಿಸಿದರು. ನನಗೆ ಮಗ್ಗುಲಾಗಿ ಮಲಗುವ ಶಿಕ್ಷೆ. ಮರುದಿನ ಐದಕ್ಕೆ ನಾನೆದ್ದೆ. ಅವಳು ಏಳಲಿಲ್ಲ. ಆರೂಕಾಲಿಗೆ ಚಹಾ ಮಾಡಿ ತಂದಿಟ್ಟೆ. ಕಣ್ಣು ಬಿಟ್ಟು, ಮಾಸ್ಕು ತೆಗೆದು, ಗಡಿಯಾರ ನೋಡಿದಳು. ಒಂದು ನಿಮಿಷ ಗಾಬರಿಯಾದಂತೆ ಕಂಡಳು.

“ನಂಗೆ ಎಂತ ಆಗಿತ್ತು?”

“ಏನೂ ಇಲ್ಲ. ನೀನು ನಿದ್ದೆ ಮಾಡಿದೆ.”

“ನಿದ್ದೆ ಅಂದ್ರೆ ಇದಾ?” ಎಂದಳು. ಇಷ್ಟು ವರ್ಷ ಯಾರೋ ಅವಳಿಂದ ಮುಚ್ಚಿಟ್ಟಿದ್ದನ್ನು ಈಗ ಕಂಡುಹಿಡಿದಂತಿತ್ತು ದನಿ. ನಾನು ಚಹಾ ಆರುತ್ತಿದೆ ಎಂದು ಹೇಳಿ ಹೊರಗೆ ಬಂದೆ.

ಎರಡು ಶನಿವಾರ ಬಸ್ಸಿನಲ್ಲಿ ಹೋದೆ. ಅದು ಬಂದಾಗ ಬಂತು. ಚಾವಿ ಮಾತ್ರ ನನ್ನ ಕಿಸೆಯಲ್ಲೇ ಇತ್ತು. ಆಗಾಗ ಕೈ ಹಾಕಿ ನೋಡಿಕೊಳ್ಳುತ್ತಿದ್ದೆ. ನನ್ನದೇ ಚಾವಿ, ನನ್ನದೇ ಕಿಸೆ. ಹದಿನೈದು ದಿನದ ಮಾತು.

ಹದಿನೈದು ದಿನವಾಯಿತು. ಗಜಾನನ ಇನ್ನೂ ಒಂದು ವಾರ ಎಂದ. ಡಾಕ್ಟರಮ್ಮ ಸುಮತಿಯ ಕಾರ್ಡ್ ನೋಡಿ ಕುರ್ಚಿಯಿಂದ ಅರ್ಧ ಎದ್ದರು. “ವಾವ್ ಮೇಡಂ! ಪರ್ಫೆಕ್ಟ್. ನೀವು ಗಾಡಿ ಓಡಿಸಬಹುದು.” ಆಮೇಲೆ ನನ್ನ ಕಡೆ ತಿರುಗಿದರು. “ಸರ್, ನೀವು ಎರಡು ವಾರದಿಂದ ಮಶೀನಿಲ್ಲದೆ ಮಲಗಿದ್ದೀರಿ. ರೂಲ್ ನೆನಪಿದೆ ಅಲ್ವಾ?”

ಪಕ್ಕದಲ್ಲಿ ಝಿಪ್ ಎಳೆದ ಸದ್ದಾಯಿತು. ಸುಮತಿ, ಕಣ್ಣ ಕೆಳಗಿನ ಕಪ್ಪೆಲ್ಲ ಹೋಗಿ ಲಕಲಕ ಹೊಳೆಯುತ್ತ, ಕೈ ಚಾಚಿದ್ದಳು.

ಮೂವತ್ತೆಂಟು ವರ್ಷ ಲೆಕ್ಕ ಕಲಿಸಿದವನು ನಾನು. ಎಲ್ಲ ಹಂತಗಳನ್ನೂ ಮೇಲೆ ಬರೆದಿದ್ದೇನೆ, ನೀವೇ ಹೇಳಿ, ಯಾವ ಹಂತದಲ್ಲಿ ತಪ್ಪಿದೆ?